ಮನೇಲಿ ಕೂತು ತಿಂಗಳಿಗೆ ಎಷ್ಟು ಉಳಿಯುತ್ತೆ ಎಂದು ಕೇಳುವವರಿಗೆ

ಶಿರಸಿಯ ನಮ್ಮ ಮನೆಯಲ್ಲಿ ಅಪ್ಪೆಮಿಡಿ, ಅಂದರೆ ಪರಿಮಳದ ಎಳೆಯ ಕಾಡುಮಾವಿನಕಾಯಿಯ ಉಪ್ಪಿನಕಾಯಿ ಹಾಕಿ ಆನ್‌ಲೈನಿನಲ್ಲಿ ಮಾರುತ್ತೇನೆ. ಮೊದಲೆಲ್ಲ ಮನೆಗೆ, ನೆಂಟರಿಗೆ ಅಂತ ಇಷ್ಟಪಟ್ಟು ಹಾಕುತ್ತಿದ್ದೆ. ಅದು ವ್ಯಾಪಾರವಾದ ಮೇಲೆ ಸಿಕ್ಕವರೆಲ್ಲ ಕೇಳುವುದು ಒಂದೇ: "ಮನೇಲಿ ಕೂತು ತಿಂಗಳಿಗೆ ಎಷ್ಟು ಉಳಿಯುತ್ತೆ?" ಬಾಯಲ್ಲಿ ಹೇಳಿ ಹೇಳಿ ಸಾಕಾಗಿದೆ. ಇನ್ನು ಮೇಲೆ ಕೇಳಿದವರಿಗೆ ಇದನ್ನೇ ಕಳಿಸುತ್ತೇನೆ.

ಕೂರುವುದಿಲ್ಲ. ಫೆಬ್ರವರಿಯಿಂದ ಏಪ್ರಿಲ್‌ವರೆಗೆ ಮಿಡಿ ಬಂದ ದಿನವೇ ಆರಿಸಿ, ತೊಳೆದು, ಒರೆಸಿ ಉಪ್ಪಿಗೆ ಹಾಕಬೇಕು. ನಾಳೆ ನೋಡಿದರಾಯ್ತು ಅನ್ನುವ ಹಾಗಿಲ್ಲ. ತಿಂಗಳ ಲೆಕ್ಕವೂ ಇಲ್ಲ. ದುಡ್ಡು ಹೋಗುವುದು ಆ ಮೂರು ತಿಂಗಳಲ್ಲಿ, ವಾಪಸ್ ಬರುವುದು ವರ್ಷವಿಡೀ ಚೂರು ಚೂರಾಗಿ. ಒಳ್ಳೆಯ ವರ್ಷದಲ್ಲಿ ನೂರು ರೂಪಾಯಿ ಮಾರಿದರೆ ನನ್ನ ಕೈಯಲ್ಲಿ ನಿಲ್ಲುವುದು ಹದಿನೈದೋ ಇಪ್ಪತ್ತೋ. ಉತ್ತರ ಇಷ್ಟೇ ಸಾಕು ಅನ್ನುವವರು ಇಲ್ಲಿಗೇ ನಿಲ್ಲಿಸಬಹುದು.

ಉಳಿದದ್ದು ಎಲ್ಲಿ ಹೋಗುತ್ತದೆ? ಆಹಾರ ಸುರಕ್ಷತೆಯ ನೋಂದಣಿಗೆ ಹೆಚ್ಚು ಖರ್ಚಿಲ್ಲ. ನಾನು ಮಾಡಿಸಿದಾಗ ವರ್ಷಕ್ಕೆ 12 ಲಕ್ಷ ವಹಿವಾಟಿನ ಒಳಗಿನವರಿಗೆ 100 ರೂಪಾಯಿ ಇತ್ತು. ಆ 14 ಅಂಕಿಯ ಸಂಖ್ಯೆ ಲೇಬಲ್ ಮೇಲೆ ಇರಲೇಬೇಕು. ಸರಕು ಮಾರುವವರಿಗೆ ರಾಜ್ಯದೊಳಗೆ 40 ಲಕ್ಷದವರೆಗೆ ಜಿಎಸ್‌ಟಿ ನೋಂದಣಿ ಬೇಡ. ಆದರೆ ಮುಂಬಯಿಯಲ್ಲಿರುವ ನಮ್ಮೂರಿನವರಿಗೆ ಒಂದೇ ಬಾಟಲಿ ಮಾರಿದರೂ ಬೇಕು. ಕೊರಿಯರ್‌ನವರು ತೂಕ ಮಾತ್ರ ನೋಡುವುದಿಲ್ಲ. ಪೆಟ್ಟಿಗೆಯ ಉದ್ದ, ಅಗಲ, ಎತ್ತರವನ್ನು ಸೆಂಟಿಮೀಟರಿನಲ್ಲಿ ಗುಣಿಸಿ 5000ದಿಂದ ಭಾಗಿಸುತ್ತಾರೆ. ಹಾಗೆ ಬಂದ ಕಿಲೋ ನಿಜವಾದ ತೂಕಕ್ಕಿಂತ ಹೆಚ್ಚಿದ್ದರೆ ಅದಕ್ಕೇ ದುಡ್ಡು. ಗಾಜಿನ ಬಾಟಲಿ ಒಡೆಯದಿರಲಿ ಎಂದು ಸುತ್ತಲೂ ಮೆತ್ತೆ ತುಂಬಿ ಉದ್ದ, ಅಗಲ, ಎತ್ತರ ಮೂರೂ 20 ಸೆಂಟಿಮೀಟರಿನ ಪೆಟ್ಟಿಗೆಗೆ ಹಾಕಿದರೆ ಒಂದು ಕಿಲೋಕ್ಕಿಂತ ಕಡಿಮೆಯ ಬಾಟಲಿಗೆ 1.6 ಕಿಲೋದ ದುಡ್ಡು. ಕ್ಯಾಶ್ ಆನ್ ಡೆಲಿವರಿ ಇಟ್ಟರೆ ಬೇಡವೆಂದು ವಾಪಸ್ ಕಳಿಸುವವರಿದ್ದಾರೆ. ಹೋಗುವ ಬರುವ ಎರಡೂ ಬಾಡಿಗೆ ನನ್ನದು. ಹಾಗೆ ತಿರುಗಿ ಬಂದ ಉಪ್ಪಿನಕಾಯಿಯನ್ನು ಇನ್ನೊಬ್ಬರಿಗೆ ಕೊಡುವುದು ನನಗೆ ಸರಿಯಲ್ಲ, ಕೊಡುವುದಿಲ್ಲ.

ಇದೆಲ್ಲ ಯಾರು ಕೇಳಿದರೂ ಹೇಳುತ್ತೇನೆ, ಬೇಸರವಿಲ್ಲ. ಸಿಟ್ಟು ಬಂದದ್ದು ಒಂದು ಉಪನಯನದ ಮನೆಯಲ್ಲಿ. ಎಲೆಯ ತುದಿಗೆ ಮಿಡಿ ಬಡಿಸಿಕೊಂಡು ಹೋದರು. ಎದುರು ಸಾಲಿನಲ್ಲಿ ಕೂತಿದ್ದ ದೂರದ ಸಂಬಂಧದ ಮಾವ ಅದನ್ನು ಕಚ್ಚುತ್ತಲೇ ಕೇಳಿದರು: "ತಂಗೀ, ಒಂದು ಬಾಟ್ಲಿಗೆ ಅಷ್ಟೆಲ್ಲ ತಗಳ್ತ್ಯಡಾ? ಮಿಡಿ ಕಾಡಲ್ಲಿ ಪುಕ್ಸಟ್ಟೆ ಸಿಕ್ತಲೇ!" ಪಂಕ್ತಿಯಲ್ಲಿ ಹಿರಿಯರಿಗೆ ಎದುರಾಡುವುದು ಬೇಡ ಅಂತ ಸುಮ್ಮನಾದೆ. ಈಗ ಹೇಳುತ್ತೇನೆ.

ಪುಕ್ಸಟ್ಟೆ ಸಿಗುವುದಿಲ್ಲ ಮಾವಾ. ಅಘನಾಶಿನಿ, ಬೇಡ್ತಿ ಹೊಳೆಗಳ ದಂಡೆಯಲ್ಲಿ, ಹಳ್ಳದ ಬದಿಯಲ್ಲಿ ಇರುವ ಆ ಮರಗಳ ಎತ್ತರ ನೀವೂ ನೋಡಿದ್ದೀರಿ. ಒಬ್ಬ ಹತ್ತಿ, ಕೊಂಬೆಯ ತುದಿಗೆ ಹೋಗಿ, ತೊಟ್ಟು ಉಳಿಸಿಕೊಂಡು ಕೊಯ್ದು, ಚೀಲದಲ್ಲಿ ಹಗ್ಗ ಕಟ್ಟಿ ಇಳಿಸಬೇಕು. ತೊಟ್ಟು ಮುರಿದರೆ ಸೊನೆ ಸುರಿದುಹೋಗುತ್ತದೆ, ಅಪ್ಪೆಮಿಡಿಯ ಪರಿಮಳವೆಲ್ಲ ಇರುವುದು ಆ ಸೊನೆಯಲ್ಲಿ. ಮರ ಅಲ್ಲಾಡಿಸಿ ಉದುರಿಸಿದ ಮಿಡಿಗೆ ಪೆಟ್ಟು ಬಿದ್ದಿರುತ್ತದೆ. ಅಂಥದ್ದು ಭರಣಿಯಲ್ಲಿ ಮೆತ್ತಗಾಗಿ ಜೊತೆಯವನ್ನೂ ಕೆಡಿಸುತ್ತದೆ. ಜೋಪಾನವಾಗಿ ಕೊಯ್ದದ್ದು ಉಪ್ಪುನೀರಿನಲ್ಲಿ ವರ್ಷಗಟ್ಟಲೆ ಇರುತ್ತದೆ. ಎಣ್ಣೆಯೂ ಬೇಡ, ವಿನೆಗರೂ ಬೇಡ. ಆ ಮನುಷ್ಯ ಜೀವ ಒತ್ತೆಯಿಟ್ಟು ಮೇಲೆ ಹತ್ತಿದ್ದಕ್ಕೆ ನಾನು ಚೌಕಾಸಿ ಮಾಡುವುದಿಲ್ಲ. ಬಾಟಲಿಯ ಬೆಲೆಯಲ್ಲಿ ಅವನ ಪಾಲೇ ದೊಡ್ಡದು, ಹಾಗೇ ಇರಬೇಕು.

ಹತ್ತುವುದು ಕಷ್ಟವೆಂದು ಕೊಂಬೆಯನ್ನೇ ಕಡಿದು ಕೆಳಗೆ ಕೂತು ಬಿಡಿಸಿಕೊಳ್ಳುವವರೂ ಇದ್ದಾರೆ. ಮಿಡಿಗೆ ಬೆಲೆ ಬಂದಷ್ಟೂ ಅದು ಹೆಚ್ಚಾಗಿದೆ, ಆ ಬೆಲೆ ಏರಿಸಿದವರಲ್ಲಿ ನನ್ನಂಥ ಆನ್‌ಲೈನ್ ಮಾರಾಟದವರೂ ಸೇರಿದ್ದೇವೆ. ಅಪ್ಪೆಮಿಡಿಗೆ ಭೌಗೋಳಿಕ ಸೂಚಕದ ಮಾನ್ಯತೆ, ಅಂದರೆ ಇದು ಈ ಸೀಮೆಯದ್ದೇ ಎನ್ನುವ ಸರ್ಕಾರಿ ಗುರುತು ಸಿಕ್ಕಿದೆ, ಸಂತೋಷ. ಕತ್ತಿ ಹಿಡಿದವನನ್ನು ಅದು ತಡೆಯುವುದಿಲ್ಲ. ಕಾಡಿನಲ್ಲಿ ಬೀಜದಿಂದ ಹುಟ್ಟಿದ ಮರಗಳಿವು. ಒಂದರ ಸೊನೆಗೆ ಜೀರಿಗೆಯ ವಾಸನೆ, ಇನ್ನೊಂದಕ್ಕೆ ಕರ್ಪೂರದ್ದು. ಅನಂತಭಟ್ಟನ ಅಪ್ಪೆ ಎಂಬ ತಳಿ ಹೆಸರು ಉಳಿಸಿಕೊಂಡಿರುವುದು ಜನ ಅದನ್ನು ಕಸಿ ಕಟ್ಟಿ ಬೆಳೆಸಿದ್ದರಿಂದ. ಓಟೆ ನೆಟ್ಟರೆ ಅದೇ ರುಚಿ ಬರುತ್ತದೆಂಬ ಖಾತ್ರಿಯಿಲ್ಲ. ಹೆಸರಿಲ್ಲದ ಮರ ಸತ್ತರೆ ಆ ರುಚಿಯೂ ಹೋಯಿತು, ಎಷ್ಟು ದುಡ್ಡು ಕೊಟ್ಟರೂ ಮತ್ತೆ ಸಿಗುವುದಿಲ್ಲ.

ನನ್ನನ್ನು ಕೇಳಬೇಕಾದದ್ದು ಇದನ್ನು: ಈ ಮಿಡಿ ಯಾವ ಮರದ್ದು, ಯಾರು ಕೊಯ್ದರು, ಬರುವ ವರ್ಷವೂ ಆ ಮರ ಇರುತ್ತದಾ? ಇಷ್ಟು ಬಾಟಲಿ ಮಾರಿದ್ದೇನೆ, ಹೀಗೆ ಕೇಳಿದವರು ತೀರಾ ಕಡಿಮೆ. ಕೇಳಿದರೆ ನಿಮ್ಮ ಬಾಟಲಿಯ ಮಿಡಿ ಎಲ್ಲಿಯದು ಎಂದು ಹೇಳಬಲ್ಲೆ, ಒಂದೊಂದು ಮರದ್ದನ್ನೂ ಬೇರೆ ಬೇರೆ ಭರಣಿಯಲ್ಲೇ ಇಡುತ್ತೇನೆ.

ಮಾವಿನ ಮರ ಒಂದು ವರ್ಷ ತುಂಬಾ ಬಿಟ್ಟರೆ ಮರುವರ್ಷ ಕೈಕೊಡುವುದುಂಟು. ಅಂಥ ವರ್ಷ ಭರಣಿ ಖಾಲಿಯಾದ ದಿನವೇ ಸ್ಟಾಕ್ ಇಲ್ಲ ಎಂದು ಹಾಕುತ್ತೇನೆ. ಬೇರೆ ಕಡೆಯ ಮಿಡಿ ತರಿಸಿ ನಿನ್ನ ಲೇಬಲ್ ಅಂಟಿಸು ಎಂದು ಸಲಹೆ ಕೊಡುವವರು ದಯವಿಟ್ಟು ಕೊಡಬೇಡಿ. ಜಾಗ ಇದ್ದವರು ಗಿಡ ಕೇಳಿ. ನನಗೆ ಮಿಡಿ ಕೊಡುವ ಮರಗಳಿಂದ ಕುಡಿ ತಂದು ಕಸಿ ಕಟ್ಟಿಸುತ್ತಿದ್ದೇನೆ. ಯಾವ ಪರಿಮಳದ್ದು ಬೇಕು ಅಂತ ಮಳೆ ಹಿಡಿಯುವ ಮೊದಲೇ ತಿಳಿಸಿದರೆ ನಿಮ್ಮ ಪಾಲಿನದ್ದು ಎತ್ತಿಡುತ್ತೇನೆ.