ಎರಡು ಹಳೆಯ ಕಾರ್ಡ್ ಸೇರಿದರೆ ಒಂದು ಹೊಸದಾಗುತ್ತದೆಯೇ?

ಗೋಣಿಕೊಪ್ಪಲಿನಲ್ಲಿ ನನ್ನದು ಕಂಪ್ಯೂಟರ್ ಅಂಗಡಿ. ಮಾರಾಟಕ್ಕಿಂತ ರಿಪೇರಿಯೇ ಹೆಚ್ಚು. ಕಾಫಿ ಕೊಯ್ಲು ಮುಗಿದು ಕೈಯಲ್ಲಿ ಕಾಸು ಓಡಾಡುವ ತಿಂಗಳುಗಳಲ್ಲಿ, ಮತ್ತೆ ಬೆಂಗಳೂರಿನಿಂದ ಮಕ್ಕಳು ರಜೆಗೆ ಬಂದಾಗ, ಒಂದು ಪ್ರಶ್ನೆ ತಪ್ಪದೆ ಬರುತ್ತದೆ: "ಅಣ್ಣಾ, ನನ್ನ ಹತ್ತಿರ ಒಂದು ಜಿಟಿಎಕ್ಸ್ 970 ಇದೆ. ಇನ್ನೊಂದು ಸೆಕೆಂಡ್ ಹ್ಯಾಂಡ್ ಕಡಿಮೆಗೆ ಸಿಗುತ್ತದೆ. ಎರಡನ್ನೂ ಜೋಡಿಸಿದರೆ ಹೊಸ ಕಾರ್ಡಿನಷ್ಟು ಆಗುವುದಿಲ್ಲವೇ?" ಪಕ್ಕದಲ್ಲಿ ಅಪ್ಪ ನಿಂತಿರುತ್ತಾರೆ. ದುಡ್ಡು ಕೊಡುವವರು ಅವರು. ಹಾಗಾಗಿ ಉತ್ತರ ಇಬ್ಬರಿಗೂ ಅರ್ಥವಾಗಬೇಕು. ಇಲ್ಲಿ ಕಾರ್ಡ್ ಎಂದರೆ ಗ್ರಾಫಿಕ್ಸ್ ಕಾರ್ಡ್, ಆಟದ ಚಿತ್ರಗಳನ್ನು ಪರದೆಗೆ ಬಿಡಿಸುವ ಭಾಗ; ಜಿಟಿಎಕ್ಸ್ 970 ಅದರ ಒಂದು ಹಳೆಯ ಮಾದರಿ. ಬೆಲೆಯ ಮಾತಿಗೆ ಮೊದಲು ನಾನು ಕೇಳುವುದು ಒಂದೇ: ಈ ಯಂತ್ರದಲ್ಲಿ ಏನು ಮಾಡುತ್ತೀರಿ?

ಹುಡುಗರ ಲೆಕ್ಕಾಚಾರಕ್ಕೆ ನಾನು ನಗುವುದಿಲ್ಲ. ಒಂದು ಕಾಲದಲ್ಲಿ ಅದು ಸರಿಯಾಗಿಯೇ ಇತ್ತು. 1998ರಲ್ಲಿ ಬಂದ 3ಡಿಎಫ್ಎಕ್ಸ್ ಕಂಪನಿಯ ವೂಡೂ2 ಕಾರ್ಡ್‌ಗಳನ್ನು ಎರಡೆರಡಾಗಿ ಹಾಕಿದರೆ, ಪರದೆಯ ಒಂದು ಗೆರೆಯನ್ನು ಒಂದು ಕಾರ್ಡ್, ಮುಂದಿನ ಗೆರೆಯನ್ನು ಇನ್ನೊಂದು ಕಾರ್ಡ್ ಬಿಡಿಸುತ್ತಿದ್ದವು. ಒಂದೇ ಕಾರ್ಡ್‌ಗೆ 800x600 ಚುಕ್ಕೆಗಳ ಚಿತ್ರ ಮಿತಿಯಾದರೆ ಜೋಡಿಗೆ 1024x768 ಸಿಗುತ್ತಿತ್ತು. ಕಾರ್ಡ್ ತಯಾರಿಸುವ ಎನ್ವಿಡಿಯಾ 2004ರಲ್ಲಿ ಎರಡು ಕಾರ್ಡ್ ಜೋಡಿಸುವ ಎಸ್ಎಲ್ಐ ವ್ಯವಸ್ಥೆ ತಂದಿತು, ಮರುವರ್ಷ ಎಟಿಐ (ಮುಂದೆ ಎಎಂಡಿ ಕೊಂಡುಕೊಂಡ ಕಂಪನಿ) ಅಂಥದ್ದೇ ಕ್ರಾಸ್‌ಫೈರ್ ತಂದಿತು. 2010ರಲ್ಲಂತೂ ಮಧ್ಯಮ ಬೆಲೆಯ ಎರಡು ಜಿಟಿಎಕ್ಸ್ 460 ಸೇರಿ ಆಗಿನ ದೊಡ್ಡಣ್ಣ ಜಿಟಿಎಕ್ಸ್ 480ನ್ನು ಹಲವು ಆಟಗಳಲ್ಲಿ ಹಿಂದೆ ಹಾಕಿದವು. 229 ಡಾಲರಿನ ಎರಡು ಕಾರ್ಡ್ ಕೊಂಡರೂ 499 ಡಾಲರಿನ ಆ ಒಂದಕ್ಕಿಂತ ಅಗ್ಗ. ಹಳೆಯ ವಿಡಿಯೊಗಳಲ್ಲಿ ಇಂದಿನ ಹುಡುಗರು ನೋಡುವುದು ಈ ದಿನಗಳನ್ನೇ.

ಆದರೆ ಆ ವಿಡಿಯೊಗಳಲ್ಲಿ ಕಾಣುವ ಅಂಕಿ, ಅಂದರೆ ಸೆಕೆಂಡಿಗೆ ಎಷ್ಟು ಫ್ರೇಮ್ (ಪರದೆಯಲ್ಲಿ ಒಂದರ ಹಿಂದೊಂದು ಮೂಡುವ ಚಿತ್ರ) ಎಂಬುದು, ಸರಾಸರಿಯದು. ತೊಡಕು ಇರುವುದು ಅಲ್ಲಿ. ಎಸ್ಎಲ್ಐಯಲ್ಲಿ ಹೆಚ್ಚಾಗಿ ಬಳಕೆಯಾಗುತ್ತಿದ್ದ ಕ್ರಮದಲ್ಲಿ ಬೆಸ ಸಂಖ್ಯೆಯ ಫ್ರೇಮ್‌ಗಳು ಒಂದು ಕಾರ್ಡಿಗೆ, ಸಮ ಸಂಖ್ಯೆಯವು ಇನ್ನೊಂದಕ್ಕೆ. ಒಂದೊಂದು ಕಾರ್ಡೂ ಸೆಕೆಂಡಿಗೆ 30 ಫ್ರೇಮ್ ಬಿಡಿಸಿದರೆ ಜೋಡಿಗೆ 60 ಎಂದು ಪರದೆಯ ಮೂಲೆಯಲ್ಲಿ ತೋರಿಸುತ್ತದೆ. ಸಮವಾಗಿ ಬಂದರೆ ಪ್ರತಿ ಫ್ರೇಮ್ ನಡುವೆ ಸುಮಾರು 16.7 ಮಿಲಿಸೆಕೆಂಡ್ ಇರಬೇಕು. ಎರಡು ಕಾರ್ಡ್‌ಗಳ ತಾಳ ತಪ್ಪಿದಾಗ ಎರಡನೆಯ ಫ್ರೇಮ್ 5 ಮಿಲಿಸೆಕೆಂಡಿಗೇ ಬಂದುಬಿಡುತ್ತದೆ, ಮೂರನೆಯದು ಮತ್ತೆ 28 ಮಿಲಿಸೆಕೆಂಡ್ ಕಾಯಿಸುತ್ತದೆ. ಲೆಕ್ಕದಲ್ಲಿ 60, ಕಣ್ಣಿಗೆ ಹೆಚ್ಚುಕಡಿಮೆ 30. ಕಾರು ಓಡಿಸುವ ಆಟದಲ್ಲಿ ರಸ್ತೆ ನಡುಗಿದಂತೆ ಕಾಣುತ್ತದೆ. ಆಡುವವನಿಗೆ ಕಾರಣ ತಿಳಿಯುವುದಿಲ್ಲ, ಮಾನಿಟರ್ ಕೆಟ್ಟಿದೆ ಎಂದು ಹೊತ್ತು ತರುತ್ತಾನೆ. ಎಎಂಡಿ 2013ರಲ್ಲಿ ಈ ಅಂತರವನ್ನು ಸಮಗೊಳಿಸಲೆಂದೇ ಹೊಸ ಡ್ರೈವರ್ (ಕಾರ್ಡನ್ನು ನಡೆಸುವ ತಂತ್ರಾಂಶ) ಬಿಡುಗಡೆ ಮಾಡಬೇಕಾಯಿತು. ಅಂತರ ಸಮವಾದರೂ ಮೌಸ್ ಒತ್ತಿದ್ದಕ್ಕೆ ಪರದೆ ಸ್ಪಂದಿಸುವ ವೇಗ ಇಮ್ಮಡಿಯಾಗುವುದಿಲ್ಲ, ಏಕೆಂದರೆ ಒಂದೊಂದು ಫ್ರೇಮ್ ತಯಾರಾಗಲು ಹಿಡಿಯುವ ಸಮಯ ಮೊದಲಿನಷ್ಟೇ.

ಮೆಮೊರಿಯ ವಿಷಯದಲ್ಲಿ ಅಪ್ಪಂದಿರು ಬೇಗ ಒಪ್ಪುತ್ತಾರೆ. 4 ಜಿಬಿಯ ಎರಡು ಕಾರ್ಡ್ ಹಾಕಿದರೆ ಆಟಕ್ಕೆ 8 ಜಿಬಿ ಸಿಗುವುದಿಲ್ಲ. ಅದೇ ಚಿತ್ರ, ಅದೇ ಸರಕು ಎರಡರಲ್ಲೂ ತುಂಬಿರಬೇಕು. ಇಷ್ಟು ಕೇಳಿದ ಮೇಲೆ ಅವರ ಮುಖ ಮಗನ ಕಡೆ ತಿರುಗುತ್ತದೆ.

ಕೊನೆಯ ಮಾತು, ಇಂದಿನ ಆಟಗಳು. ಈಗಿನ ಬಹುತೇಕ ದೊಡ್ಡ ಆಟಗಳು ಹೊಸ ಫ್ರೇಮ್ ಬಿಡಿಸುವಾಗ ಹಿಂದಿನ ಫ್ರೇಮಿನ ಮಾಹಿತಿಯನ್ನೂ ಬಳಸುತ್ತವೆ, ಅಂಚುಗಳು ನಯವಾಗಿ ಕಾಣಲಿ ಎಂದು. ಹಿಂದಿನ ಫ್ರೇಮ್ ಇರುವುದು ಇನ್ನೊಂದು ಕಾರ್ಡಿನಲ್ಲಿ. ಅಲ್ಲಿಂದ ಇಲ್ಲಿಗೆ ಸಾಗಿಸುವಷ್ಟರಲ್ಲಿ ಜೋಡಿಯ ಲಾಭ ಕರಗಿರುತ್ತದೆ. ವಿಂಡೋಸ್‌ನಲ್ಲಿ ಆಟ ಮತ್ತು ಕಾರ್ಡಿನ ನಡುವಿನ ಸೇತುವೆಯಾದ ಡೈರೆಕ್ಟ್ಎಕ್ಸ್‌ನ 12ನೆಯ ಆವೃತ್ತಿ ಬಂದಾಗ ಕಾರ್ಡ್‌ಗಳನ್ನು ಹೊಂದಿಸುವ ಕೆಲಸ ಆಟ ಬರೆಯುವವರ ಹೆಗಲಿಗೆ ಬಿತ್ತು. 2016ರ ಕಂಪ್ಯೂಟರ್ ಮೇಳ ಕಂಪ್ಯೂಟೆಕ್ಸ್‌ನಲ್ಲಿ ಎಎಂಡಿ ಎರಡು ಆರ್‌ಎಕ್ಸ್ 480 ಕಾರ್ಡ್‌ಗಳನ್ನು ಒಂದು ಜಿಟಿಎಕ್ಸ್ 1080 ಎದುರು ನಿಲ್ಲಿಸಿ ಗೆದ್ದು ತೋರಿಸಿದ್ದು ನಿಜ, ಆದರೆ ತೋರಿಸಿದ್ದು ಆ ವ್ಯವಸ್ಥೆಗೆ ಚೆನ್ನಾಗಿ ಹೊಂದಿಕೊಂಡಿದ್ದ ಒಂದು ಆಟವನ್ನು. ಹೆಚ್ಚಿನ ಕಂಪನಿಗಳು ಆ ಶ್ರಮಕ್ಕೆ ಕೈ ಹಾಕಲಿಲ್ಲ. 2021ರ ಜನವರಿಯಿಂದ ಎನ್ವಿಡಿಯಾ ಹೊಸ ಎಸ್ಎಲ್ಐ ಪ್ರೊಫೈಲ್ (ಒಂದೊಂದು ಆಟಕ್ಕೂ ಜೋಡಿಯನ್ನು ಹೊಂದಿಸುವ ಸೆಟ್ಟಿಂಗ್) ಸೇರಿಸುವುದನ್ನು ನಿಲ್ಲಿಸಿತು. ಆಟದ ಕಾರ್ಡ್‌ಗಳ 30ರ ಸರಣಿಯಲ್ಲಿ ಜೋಡಿಸುವ ಕೊಂಡಿ ಉಳಿದದ್ದು 3090 ವರ್ಗಕ್ಕೆ ಮಾತ್ರ. 40ರ ಸರಣಿಯಲ್ಲಿ ಅದೂ ಇಲ್ಲ.

ಇಷ್ಟಾದರೂ ಹಟ ಹಿಡಿಯುವವರಿಗೆ ಮದರ್‌ಬೋರ್ಡ್ ತೆರೆದು ತೋರಿಸುತ್ತೇನೆ. ಉದ್ದದ ಸ್ಲಾಟ್ ಎರಡು ಇದ್ದ ಮಾತ್ರಕ್ಕೆ ಆಗುವುದಿಲ್ಲ. ಅಗ್ಗದ ಬೋರ್ಡುಗಳಲ್ಲಿ ಎರಡನೆಯದಕ್ಕೆ ನಾಲ್ಕೇ ಲೇನ್ (ಮಾಹಿತಿ ಸಾಗುವ ದಾರಿ) ಇರುತ್ತದೆ, ಎಸ್ಎಲ್ಐ ಎಂಟಾದರೂ ಕೇಳುತ್ತದೆ. ಆಮೇಲೆ ಕರೆಂಟ್. ಒಂದು 970ಕ್ಕೆ 145 ವ್ಯಾಟ್, ಎರಡಕ್ಕೆ 290. ಒಂದೇ ಒಂದು ಆರ್‌ಟಿಎಕ್ಸ್ 3060 170 ವ್ಯಾಟಿನಲ್ಲಿ 12 ಜಿಬಿ ಮೆಮೊರಿಯೊಂದಿಗೆ ಕೆಲಸ ಮಾಡುತ್ತದೆ. ನಮ್ಮ ಕಡೆ ಮಳೆಗಾಲದಲ್ಲಿ ಮರ ಬಿದ್ದು ಲೈನ್ ಹೋಗುವುದು ಮಾಮೂಲು. ತೋಟದ ಮನೆಗಳಲ್ಲಿ ವೋಲ್ಟೇಜ್ ಯಾವಾಗ ಇಳಿಯುತ್ತದೆ, ಯಾವಾಗ ಏರುತ್ತದೆ ಎಂದು ಹೇಳಲಾಗದು. ಸಾಮಾನ್ಯ 600 ವಿಎ ಯುಪಿಎಸ್ ಕೊಡುವುದು 360 ವ್ಯಾಟಿನ ಆಸುಪಾಸು. ಎರಡು ಕಾರ್ಡ್, ಪ್ರೊಸೆಸರ್, ಮಾನಿಟರ್ ಸೇರಿ ಪೂರ್ತಿ ದುಡಿಯುವಾಗ ಕರೆಂಟ್ ಹೋದರೆ ಅದು ಕೂಗಿ ಸುಮ್ಮನಾಗುತ್ತದೆ. ದೊಡ್ಡ ಯುಪಿಎಸ್, ದೊಡ್ಡ ಎಸ್ಎಂಪಿಎಸ್ (ಕಂಪ್ಯೂಟರ್ ಒಳಗೆ ಕರೆಂಟ್ ಹಂಚುವ ಪೆಟ್ಟಿಗೆ) ಬೆಲೆ ಸೇರಿಸಿ ಚೀಟಿಯಲ್ಲಿ ಬರೆದುಕೊಟ್ಟರೆ ಹಳೆಯ ಕಾರ್ಡಿನ ಅಗ್ಗ ಅಲ್ಲೇ ಮುಗಿಯುತ್ತದೆ.

ಕೊಡಗಿನ ತೇವವಂತೂ ಹಳೆಯ ಕಾರ್ಡಿಗೆ ಶತ್ರು. ಒಂದು ಮಳೆಗಾಲ ಬಳಸದೆ ಕಪಾಟಿನಲ್ಲಿಟ್ಟ ಕಾರ್ಡನ್ನು ತೆಗೆದರೆ ಫ್ಯಾನ್ ಧೂಳು ಅಂಟಾಗಿರುತ್ತದೆ, ಸ್ಲಾಟಿಗೆ ಕೂರುವ ಚಿನ್ನದ ಬಣ್ಣದ ಅಂಚು ಮಂಕಾಗಿರುತ್ತದೆ. ಮೆತ್ತಗಿನ ರಬ್ಬರಿನಿಂದ ಉಜ್ಜಿ, ಐಸೊಪ್ರೊಪೈಲ್ ಆಲ್ಕೊಹಾಲ್‌ನಲ್ಲಿ ಒರೆಸಿ, ಥರ್ಮಲ್ ಪೇಸ್ಟ್ ಬದಲಿಸಿದ ಮೇಲೆಯೇ ನಾನು ಕರೆಂಟ್ ಕೊಡುವುದು. ಸೆಕೆಂಡ್ ಹ್ಯಾಂಡ್ ಕೊಳ್ಳುವವರು ಈ ಅಂಚನ್ನು ಮೊದಲು ನೋಡಲಿ, ಹೊಳೆಯುವ ಫ್ಯಾನನ್ನು ಆಮೇಲೆ.

ಹಾಗಾದರೆ ಎರಡು ಹಳೆಯ ಕಾರ್ಡ್ ಯಾವುದಕ್ಕೂ ಬೇಡವೇ? ಬೇಕು, ಆಟದ ಆಚೆ. ವಿರಾಜಪೇಟೆ ಕಡೆಯಿಂದ ಬರುವ ಒಬ್ಬರು ಹೋಮ್‌ಸ್ಟೇ ಕಟ್ಟಡಗಳ ಮೂರು ಆಯಾಮದ ಚಿತ್ರ ಮಾಡಿಕೊಡುತ್ತಾರೆ, ಅದಕ್ಕೆ ಬ್ಲೆಂಡರ್ ಎಂಬ ತಂತ್ರಾಂಶ ಬಳಸುತ್ತಾರೆ. ಮಾದರಿಯಿಂದ ಅಂತಿಮ ಚಿತ್ರ ತಯಾರಿಸುವ (ರೆಂಡರ್ ಮಾಡುವ) ಅದರ ಭಾಗವಾದ ಸೈಕಲ್ಸ್ ಎರಡು ಕಾರ್ಡ್‌ಗಳಿಗೂ ಕೆಲಸ ಹಂಚುತ್ತದೆ. ಎಸ್ಎಲ್ಐ ಕೊಂಡಿ ಬೇಕಿಲ್ಲ, ಎರಡೂ ಒಂದೇ ಮಾದರಿಯಾಗಿರಬೇಕೆಂದೂ ಇಲ್ಲ. ಕಾಫಿ ಕೊಯ್ಯುವವರು ಬೇರೆ ಬೇರೆ ಸಾಲು ಹಿಡಿದ ಹಾಗೆ: ಒಬ್ಬರ ಚೀಲ ತುಂಬಲು ಇನ್ನೊಬ್ಬರನ್ನು ಕಾಯಬೇಕಿಲ್ಲ. ಅವರಿಗೆ ಜೋಡಿ ಹಾಕಿಕೊಟ್ಟಿದ್ದೇನೆ, ಒಂದು ಷರತ್ತಿನೊಂದಿಗೆ. ಇಡೀ ದೃಶ್ಯ ಒಂದೊಂದು ಕಾರ್ಡಿನ ಮೆಮೊರಿಯಲ್ಲೂ ಹಿಡಿಸಬೇಕು, ಅದಕ್ಕೆ ಮರಗಿಡಗಳ ಭಾರೀ ಮಾದರಿಗಳನ್ನು ಹಗುರ ಮಾಡಿಕೊಳ್ಳಬೇಕು. ಕಾರ್ಡ್‌ಗಳ ವಿದ್ಯುತ್ ಮಿತಿಯನ್ನು ಶೇ 80ಕ್ಕೆ ಇಳಿಸಿದ್ದೇನೆ. ವೇಗ ಸ್ವಲ್ಪ ತಗ್ಗುತ್ತದೆ, ಬಿಸಿ ಮತ್ತು ಯುಪಿಎಸ್ ಮೇಲಿನ ಹೊರೆ ಅದಕ್ಕಿಂತ ಹೆಚ್ಚು ತಗ್ಗುತ್ತದೆ. ರಾತ್ರಿ ರೆಂಡರ್‌ಗೆ ಹಾಕಿ ಮಲಗುವವರಿಗೆ ಇಷ್ಟು ಸಾಕು. ಬೆಳಿಗ್ಗೆಯೊಳಗೆ ಲೈನ್ ಹೋಗಬಹುದಾದ್ದರಿಂದ, ವಿಡಿಯೊ ಮಾಡುವಾಗ ಒಂದೇ ಕಡತವಾಗಿ ಉಳಿಸದೆ ಫ್ರೇಮ್‌ಗಳನ್ನು ಬಿಡಿಬಿಡಿ ಚಿತ್ರಗಳಾಗಿ ಉಳಿಸಿ ಎಂದೂ ಹೇಳಿದ್ದೇನೆ. ಕರೆಂಟ್ ಬಂದ ಮೇಲೆ ನಿಂತಲ್ಲಿಂದ ಮುಂದುವರಿಸಬಹುದು.