ಮನಿಲಾದ ಒಂದು ಭಾನುವಾರ

ಇಂದು ಬೆಳಿಗ್ಗೆ ನನ್ನನ್ನು ಎಬ್ಬಿಸಿದ್ದು ತಾಹೋ ಮಾರುವವನ ಉದ್ದನೆಯ ಕೂಗು. ಹೆಗಲ ಕೋಲಿನ ಎರಡೂ ತುದಿಗೆ ತೂಗುವ ಪಾತ್ರೆಗಳಲ್ಲಿ ಒಂದರಿಂದ ಗಿಣ್ಣಿನಂತಿರುವ ಬಿಸಿ ಸೋಯಾ ಹಾಲಿನ ಗಟ್ಟಿಯನ್ನು ತೆಳುವಾಗಿ ಬಳಿದು ಲೋಟಕ್ಕೆ ಹಾಕಿ, ಮೇಲೆ ಕಂದು ಸಕ್ಕರೆಯ ಪಾಕವನ್ನೂ ಸಬ್ಬಕ್ಕಿಯನ್ನೂ ಸುರಿಯುವ ಅವನ ಕೈಚಳಕವನ್ನು ಎಷ್ಟು ನೋಡಿದರೂ ನನಗೆ ಸಾಲದು.

ಸಂಜೆ ನೆರೆಮನೆಯವರೊಂದಿಗೆ ಲುನೆಟಾ ಉದ್ಯಾನಕ್ಕೆ ಹೋಗಿದ್ದೆ. 1896ರ ಡಿಸೆಂಬರ್ 30ರಂದು ಸ್ಪೇನಿನ ಆಡಳಿತವು ಫಿಲಿಪೀನ್ಸಿನ ರಾಷ್ಟ್ರವೀರ ಹೋಸೆ ರಿಜಾಲ್ ಅವರನ್ನು ಗುಂಡಿಕ್ಕಿ ಕೊಂದ ಆ ನೆಲದಲ್ಲಿ ಈಗ ಕುಟುಂಬಗಳು ಚಾಪೆ ಹಾಸಿ, ಅನ್ನದ ಡಬ್ಬಿ ಬಿಚ್ಚಿ ಕೂರುತ್ತವೆ. ನೆರೆಮನೆಯ ಆತೆ (ಇಲ್ಲಿ ಅಕ್ಕನನ್ನು ಕರೆಯುವುದು ಹೀಗೆ) 2018ರಲ್ಲಿ ಈ ದೇಶದ ಕಾಟ್ರಿಯೋನಾ ಗ್ರೇ ಮಿಸ್ ಯೂನಿವರ್ಸ್ ಕಿರೀಟ ಗೆದ್ದ ದಿನವನ್ನು, ಇಲ್ಲಿನ ಮಯೋನ್ ಜ್ವಾಲಾಮುಖಿಯನ್ನು ನೆನಪಿಸುತ್ತಿದ್ದ ಆಕೆಯ ಕೆಂಪು ಉಡುಪನ್ನು, ಸ್ವಂತ ತಂಗಿಯ ಮದುವೆಯೆಂಬಂತೆ ಬಣ್ಣಿಸಿದರು. ಗೆದ್ದವರನ್ನು ಹೀಗೆ ಮನೆಮಗಳಾಗಿಸಿಕೊಳ್ಳುವ ಈ ಜನರ ಅಕ್ಕರೆ ನನಗೆ ಬಹಳ ಹಿಡಿಸುತ್ತದೆ.

ರಾತ್ರಿ ಅವರ ಮನೆಯಲ್ಲಿ ಸಿನಿಗಾಂಗ್ ಇತ್ತು. ಹುಣಸೆಕಾಯಿಯನ್ನು ಬೇಯಿಸಿ ಕಿವುಚಿದ ರಸಕ್ಕೆ ಸೀಗಡಿ, ಮೂಲಂಗಿ, ಟೊಮೆಟೊ ಬಿದ್ದು, ಕೊನೆಗೆ ಕಾಂಗ್‌ಕಾಂಗ್ ಸೊಪ್ಪು ಸೇರುತ್ತದೆ. ಬೇಳೆಯಿಲ್ಲ, ಸಾರಿನ ಪುಡಿಯಿಲ್ಲ, ಒಗ್ಗರಣೆಯೂ ಇಲ್ಲ. ಆದರೂ ಮೊದಲ ತುತ್ತಿಗೇ ನಾಲಿಗೆಗೆ ಅಮ್ಮನ ಹುಳಿ ನೆನಪಾಯಿತು, ನಾನು ಇನ್ನೊಂದು ಸೌಟು ಬಡಿಸಿಕೊಂಡೆ.