ಗೊಣಗಿ ಆಮೇಲೆ ಕೂಗುವ ಗಾಡಿ

ಇವತ್ತು ಸ್ಯಾನ್ ಹೊಸೆಯಲ್ಲಿ 280 ಫ್ರೀವೇ ಹತ್ತುವಾಗ ಬಲಗಾಲು ಹಳೇ ರೂಢಿಯಂತೆ ಅರ್ಧವೇ ಒತ್ತಿತು. ಇಷ್ಟು ದಿನ ಓಡಿಸಿದ ಬಿಎಂಡಬ್ಲ್ಯು ಎಂ3 ಕಾರಿಗೆ ಅಷ್ಟು ಸಾಕಿತ್ತು. ಇಂಜಿನ್‌ಗೆ ಹೆಚ್ಚು ಗಾಳಿ ತುಂಬುವ ಎರಡು ಟರ್ಬೊ, ಶುರುವಿನಲ್ಲೇ ಬೆನ್ನಿಗೆ ಗುದ್ದು.

ಈ ಲೆಕ್ಸಸ್ ಐಎಸ್ 500 ಹಾಗಲ್ಲ. 5 ಲೀಟರ್ ವಿ8, ಅಂದ್ರೆ ಎಂಟು ಸಿಲಿಂಡರಿನ ಇಂಜಿನ್, ಟರ್ಬೊ ಇಲ್ಲ. 472 ಹಾರ್ಸ್‌ಪವರ್ ಪೂರ್ತಿ ಸಿಗಬೇಕಾದರೆ ಮುಳ್ಳು 7,100 ಆರ್‌ಪಿಎಂ (ನಿಮಿಷಕ್ಕೆ ಇಂಜಿನ್ ತಿರುಗುವ ಸುತ್ತು) ಮುಟ್ಟಬೇಕು. ಪೂರ್ತಿ ಒತ್ತಿದೆ. ಮೊದಲು ಸುಮ್ನೆ ಗೊಣಗಿತು. ಆಮೇಲೆ ಕೂಗಿತು ನೋಡಿ!

ತಿರುವಿನಲ್ಲಿ ಎಂ3ಯೇ ಚುರುಕು, ಎರಡು ಮಾತಿಲ್ಲ.

ತಮಾಷೆ ಏನಂದ್ರೆ, 2007ರಲ್ಲಿ ಬಂದ ಎಂ3ಯಲ್ಲೂ ಟರ್ಬೊ ಇಲ್ಲದ ವಿ8 ಇತ್ತು. ಜರ್ಮನ್ನರು ಕೈಬಿಟ್ಟದ್ದನ್ನು ಜಪಾನಿನವರು ಹಟ ಹಿಡಿದು ಉಳಿಸಿಕೊಂಡರು ಅಲ್ವಾ?

ಹೆಂಡತಿಗೆ ಸೀಟು ಇಷ್ಟವಾಯಿತಂತೆ. ಇಂಜಿನ್ ಪುರಾಣ ಮಾತ್ರ ಬೇಡವಂತೆ.